ಜಗಲಿಯಿಂದ ಒಳಕೋಣೆಗೆ ಹನ್ನೆರಡು ಹೆಜ್ಜೆ

ಊರಿಂದ ಬರೋ ಫೋನುಗಳಲ್ಲಿ ಮಳೆ, ಮೀನು, ಮದುವೆ ಸುದ್ದಿಗಳ ಜೊತೆ ಈಗೀಗ ಇನ್ನೊಂದು ಖಾಯಂ ಸುದ್ದಿ ಸೇರಿಕೊಂಡಿದೆ. "ತಮಾ, ನೆಟ್ ಇಲ್ಲ ಮಾರಾಯ." ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಹಾಗಾಗಿ ನಮ್ಮ ಕಡೆಯವರ ಲೆಕ್ಕದಲ್ಲಿ ಟಿವಿ ರಿಮೋಟು, ಇನ್ವರ್ಟರು, ಪ್ರಿಂಟರು, ಆಧಾರ್ ಲಿಂಕು ಎಲ್ಲವೂ ನನ್ನ ಸಿಲೆಬಸ್ಸೇ :-) ಕಾಲೇಜಿನಲ್ಲಿ ನೆಟ್‌ವರ್ಕಿನ ಏಳು ಪದರಗಳನ್ನು ಬಾಯಿಪಾಠ ಮಾಡಿ ಬರೆದಿದ್ದೇನೆ. ಆದರೆ ವೈಫೈ ಡಬ್ಬಿಯನ್ನು ಮನೆಯಲ್ಲಿ ಎಲ್ಲಿಡಬೇಕು ಅನ್ನೋ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ಆ ಪ್ರಶ್ನೆ ಕೇಳಿದ್ದು ನಮ್ಮ ಅಜ್ಜಿ.

ನಮ್ಮ ಮನೆ ಇರೋದು ಅಂಕೋಲಾ ತಾಲೂಕಿನ ಅವರ್ಸಾದಲ್ಲಿ. ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ಉದ್ದಕ್ಕೆ ರೈಲುಬೋಗಿ ಥರ ಜಗಲಿ, ನಡುಮನೆ, ಒಳಕೋಣೆ, ಅಡುಗೆಮನೆ, ಬಚ್ಚಲು. 2024ರ ಜೂನಿನಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದರು. ಹಾಸಿಗೆ ಇರೋದು ಒಳಕೋಣೆಯಲ್ಲಿ. ವೈಫೈ ಇರೋದು ಜಗಲಿಯಲ್ಲಿ. ನಡುವೆ ಹನ್ನೆರಡು ಹೆಜ್ಜೆ, ಎರಡು ಗೋಡೆ.

ಒಂದು ಅತ್ತೆ ಕುಮಟಾದಲ್ಲಿದ್ದಾರೆ. ವಾರಕ್ಕೆರಡು ಸಲ ಬಸ್ಸು ಹತ್ತಿ ಬಂದು ಅಜ್ಜಿಯ ತಲೆ ಬಾಚಿ ಹೋಗೋರು. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹಲವರು ಜೀವ ಕಳಕೊಂಡರು, ಹೆದ್ದಾರಿ ದಿನಗಟ್ಟಲೆ ಬಂದ್. ಅಂಕೋಲಾ ಆ ಕಡೆ, ಕುಮಟಾ ಈ ಕಡೆ. ಅತ್ತೆಗೆ ಬರೋಕಾಗಲಿಲ್ಲ. ಅಜ್ಜಿಗೆ ಅದನ್ನು ಹೇಳಿದರೆ ನಂಬಿಕೆಯಿಲ್ಲ. "ಅವಳಿಗೇನೋ ಆಗಿದೆ, ನನ್ನ ಹತ್ರ ಮುಚ್ಚಿಡ್ತೀರಿ" ಅಂತ ಊಟ ಬಿಟ್ಟು ಕೂತರು. ವಿಡಿಯೋ ಕಾಲ್ ಮಾಡಿ ಮುಖ ತೋರಿಸೋಣ ಅಂದರೆ ಒಳಕೋಣೆಯಲ್ಲಿ ಚಿತ್ರ ಕಲ್ಲಾಗಿ ನಿಂತುಬಿಡುತ್ತಿತ್ತು. ಮುಖ ಅಲುಗಾಡುವುದಿಲ್ಲ, ಕಣ್ಣು ಅರ್ಧ ಮುಚ್ಚಿದೆ... ಅಜ್ಜಿ ಇನ್ನಷ್ಟು ಹೆದರಿದರು. ಅಜ್ಜಿಯನ್ನು ಎತ್ತಿ ಜಗಲಿಗೆ ತರೋ ಸ್ಥಿತಿ ಇರಲಿಲ್ಲ. "ಆ ಡಬ್ಬಿನೇ ಇಲ್ಲಿ ತರೂಕೆ ಆಗೂದಿಲ್ವಾ?" ಅಂತ ಅಜ್ಜಿ ಕೇಳಿದರಂತೆ. ನೋಡಿ, ಇಡೀ ವಿಷಯದ ಮೂಲ ಪ್ರಶ್ನೆ ಅದು.

ಆಗಸ್ಟ್ ಮೊದಲ ವಾರ ರಜೆ ಹಾಕಿ ಹುಬ್ಬಳ್ಳಿ ದಾರಿಯಲ್ಲಿ ಊರಿಗೆ ಹೋದೆ. ಆಮೇಲೆ ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಊರಲ್ಲಿ ಅಪ್ಪ-ಅಮ್ಮ, ಬೆಂಗಳೂರಲ್ಲೋ ಪುಣೆಯಲ್ಲೋ ನೀವು ಅನ್ನೋ ಸ್ಥಿತಿ ನಿಮ್ಮಲ್ಲೂ ಎಷ್ಟೋ ಜನರದ್ದು. ಯಾರಿಗಾದರೂ ಉಪಯೋಗಕ್ಕೆ ಬರಲಿ.

ಮೊದಲನೇ ಮಾತು: ವೈಫೈ ಅಂದರೆ ಇಂಟರ್ನೆಟ್ ಅಲ್ಲ! ಊರಿಂದೂರಿಗೆ ಬರೋದು ಕಂಬದ ಮೇಲಿನ ಫೈಬರ್. ಅದು ಹೆದ್ದಾರಿ ಇದ್ದ ಹಾಗೆ. ಮನೆಯ ಡಬ್ಬಿಯಿಂದ ನಮ್ಮ ಕೈಯಲ್ಲಿರೋ ಫೋನಿನವರೆಗಿನ ಗಾಳಿಯ ದಾರಿ ಮಾತ್ರ ವೈಫೈ. ಅದು ಮನೆಯಂಗಳದ ಕಾಲುದಾರಿ. ಹೆದ್ದಾರಿ ಕೆಟ್ಟರೆ ಕಂಪನಿಯವರು ಬರಬೇಕು. ಕಾಲುದಾರಿ ಕೆಟ್ಟರೆ ರಿಪೇರಿ ನಮ್ಮದೇ. "ನೆಟ್ ಇಲ್ಲ" ಅನ್ನೋ ಒಂದೇ ಮಾತಿನಲ್ಲಿ ಈ ಎರಡೂ ಕಲಸಿಹೋಗಿರುತ್ತವೆ, ಅದೇ ತೊಂದರೆ.

ಬೇರೆ ಮಾಡೋದು ಬಹಳ ಸುಲಭ. ಫೋನ್ ಹಿಡಿದು ಡಬ್ಬಿಯ ಎದುರಿಗೇ ನಿಲ್ಲಿ. ಅಲ್ಲಿ ಚೆನ್ನಾಗಿ ಓಡಿ, ಕೋಣೆಯಲ್ಲಿ ಓಡದಿದ್ದರೆ ತೊಂದರೆ ಮನೆಯೊಳಗಿನದು. ಡಬ್ಬಿಯ ಎದುರಲ್ಲೂ ಓಡದಿದ್ದರೆ ಬಹುತೇಕ ಲೈನಿನದು. ಫೈಬರ್ ಡಬ್ಬಿಯಲ್ಲಿ 'ಪಾನ್' ಅಂತ ಬರೆದಿರೋ ಹಸಿರು ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಗಾಜಿನ ಎಳೆಯಲ್ಲಿ ಬೆಳಕು ಸರಿಯಾಗಿ ಬರ್ತಿದೆ ಎಂದರ್ಥ. 'ಲಾಸ್' ಅಂತ ಬರೆದಿರೋ ಕೆಂಪು ದೀಪ ಮಿಣುಕಿದರೆ ಬೆಳಕು ಬರ್ತಿಲ್ಲ, ಎಲ್ಲೋ ತಂತಿ ಕಡಿದಿದೆ ಅಥವಾ ಮಡಚಿದೆ. ಆಗ ಡಬ್ಬಿ ಹತ್ತು ಸಲ ಆಫ್ ಆನ್ ಮಾಡಿದರೂ ಫಲವಿಲ್ಲ, ಕೇಬಲ್‌ನವರಿಗೆ ಫೋನ್ ಮಾಡಬೇಕು. ಅಪ್ಪ ನಿವೃತ್ತ ಮಾಸ್ತರು. ಇದನ್ನು ಹೇಳಿದ್ದೇ ತಡ, ಪಟ್ಟಿ ಹಿಡಿದು ಗೆರೆ ಎಳೆದು, ಎರಡು ಬಣ್ಣದ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದರು. ಈಗ ನನಗೆ ಬರೋ ಫೋನು ಹೀಗಿರುತ್ತದೆ: "ಪಾನ್ ಹಸಿರಿದೆ, ಲಾಸ್ ಇಲ್ಲ, ಜಗಲಿಯಲ್ಲಿ ಸರಿ ಇದೆ, ಅಡುಗೆಮನೆಯಲ್ಲಿಲ್ಲ." ನಮ್ಮ ಆಫೀಸಿನ ಗ್ರಾಹಕರೂ ಇಷ್ಟು ಚೆನ್ನಾಗಿ ದೂರು ಬರೆಯೋದಿಲ್ಲ!

ಸರಿ, ನಮ್ಮನೆಯದು ಒಳಗಿನ ತೊಂದರೆ ಅಂತಾಯ್ತು. ಇನ್ನು ಗೋಡೆಯ ವಿಷಯ.

ವೈಫೈಯನ್ನು ನಾನು ಅಪ್ಪನಿಗೆ ವಿವರಿಸಿದ್ದು ದೀಪ ಅಂತ. ರೇಡಿಯೋ ಅಲೆಯೂ ಬೆಳಕೂ ಒಂದೇ ಜಾತಿ, ಅಲೆಯ ಉದ್ದ ಬೇರೆ ಅಷ್ಟೇ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಅರ್ಧ ಗೇಣಿಗಿಂತ ಚೂರು ಹೆಚ್ಚು. 5 ಗಿಗಾಹರ್ಟ್ಸ್‌ನದ್ದು ಅದರ ಅರ್ಧಕ್ಕೂ ಕಡಿಮೆ. ಕಣ್ಣಿಗೆ ಕಾಣೋ ಬೆಳಕಿಗೆ ಗೋಡೆ ಕಪ್ಪು. ವೈಫೈಗೆ ಅದೇ ಗೋಡೆ ಮಸುಕು ಗಾಜಿನ ಹಾಗೆ. ಸ್ವಲ್ಪ ದಾಟುತ್ತದೆ, ಸ್ವಲ್ಪ ಹೀರಿಹೋಗುತ್ತದೆ, ಸ್ವಲ್ಪ ತಿರುಗಿ ಹಾರುತ್ತದೆ. ಹೆಂಚು, ಮರದ ಬಾಗಿಲು ಇವೆಲ್ಲ ಹೆಚ್ಚು ತಡೆಯೋದಿಲ್ಲ. ದಪ್ಪ ಕಲ್ಲು, ಕಬ್ಬಿಣ ಹಾಕಿದ ಕಾಂಕ್ರೀಟು ಚೆನ್ನಾಗಿ ತಡೆಯುತ್ತವೆ. ಉಕ್ಕಿನ ಕಪಾಟು, ಫ್ರಿಜ್ಜು, ದೊಡ್ಡ ಕನ್ನಡಿ ಇವುಗಳ ಹಿಂದೆ ಪೂರ್ತಿ ನೆರಳು. 5 ಗಿಗಾಹರ್ಟ್ಸ್ ವೇಗದಲ್ಲಿ ಮುಂದು, ಗೋಡೆ ದಾಟೋದರಲ್ಲಿ ಹಿಂದು. 2.4 ಅದಕ್ಕೆ ತದ್ವಿರುದ್ಧ.

"ಮಳೆಗಾಲ ಬಂತಂದ್ರೆ ವೈಫೈ ಮಂದ" ಅಂತ ನಮ್ಮೂರಲ್ಲಿ ಹೇಳುತ್ತಾರೆ. ನಗಬೇಡಿ, ಅರ್ಧ ಸತ್ಯ ಇದೆ. ಮನೆಯೊಳಗಿನ ಹತ್ತಿಪ್ಪತ್ತು ಅಡಿಗೆ ಹೊರಗೆ ಬೀಳೋ ಮಳೆ ಲೆಕ್ಕಕ್ಕಿಲ್ಲ. ಆದರೆ ಈ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡೋದೂ ಹೆಚ್ಚುಕಡಿಮೆ ಇದೇ 2.45 ಗಿಗಾಹರ್ಟ್ಸ್‌ನಲ್ಲಿ. ನಮ್ಮ ಚಿರೆಕಲ್ಲೋ, ಮೈತುಂಬ ತೂತು. ಕಾರವಾರ-ಅಂಕೋಲಾ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಗಿಲಾವು ಮಾಡದ ಹೊರಗೋಡೆ ಶ್ರಾವಣದ ಹೊತ್ತಿಗೆ ಸ್ಪಂಜಿನ ಹಾಗೆ ನೀರು ಕುಡಿದು ಕೂತಿರುತ್ತದೆ. ಬೇಸಿಗೆಯಲ್ಲಿ ಹೇಗೋ ದಾಟುತ್ತಿದ್ದ ಸಿಗ್ನಲ್ಲು ಆಗ ಇನ್ನೂ ಸೊರಗುತ್ತದೆ.

ಎಷ್ಟು ಸೊರಗುತ್ತದೆ? ಅದಕ್ಕೊಂದು ಅಳತೆ ಇದೆ, ಡಿಬಿಎಂ ಅಂತ. ಸಿಗ್ನಲ್ ಅಳೆಯೋ ಪುಕ್ಕಟೆ ಆಪ್‌ಗಳು ಮೊಬೈಲಿನಲ್ಲೇ ಸಿಗುತ್ತವೆ. ಹೆದರಬೇಡಿ, ಲೆಕ್ಕ ಇಷ್ಟೇ: ಹತ್ತು ಡಿಬಿ ಇಳಿದರೆ ಶಕ್ತಿ ಹತ್ತರಲ್ಲೊಂದು ಪಾಲಾಯ್ತು. ಇಪ್ಪತ್ತು ಇಳಿದರೆ ನೂರರಲ್ಲೊಂದು. ಸಂಖ್ಯೆಯ ಹಿಂದೆ ಮೈನಸ್ ಇರುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಸೊಗಸು, ಮೈನಸ್ 65ರ ತನಕ ವಿಡಿಯೋ ಕಾಲ್ ನಿಶ್ಚಿಂತೆ, ಮೈನಸ್ 80 ದಾಟಿದರೆ ದೇವರೇ ಗತಿ. ನಾನು ಫೋನ್ ಹಿಡಿದು ಮನೆಯೆಲ್ಲ ಓಡಾಡಿ ಬರೆದುಕೊಂಡೆ. ಜಗಲಿಯಲ್ಲಿ ಮೈನಸ್ 40, ನಡುಮನೆಯಲ್ಲಿ ಮೈನಸ್ 62, ಅಜ್ಜಿಯ ತಲೆದಿಂಬಿನ ಹತ್ತಿರ ಮೈನಸ್ 84. "ಎಂತ ಹುಡುಕ್ತೀಯೋ?" ಅಂತ ಅಜ್ಜಿ. "ಕುಮಟಾಕ್ಕೆ ದಾರಿ ಹುಡುಕ್ತಿದ್ದೆ ಅಜ್ಜಿ" ಅಂದೆ.

ಇಲ್ಲೊಂದು ಆಶ್ಚರ್ಯದ ಮಾತು ಹೇಳಲೇಬೇಕು. ಮನೆಯ ಡಬ್ಬಿ ಬಿಡೋ ಶಕ್ತಿ 100 ಮಿಲಿವ್ಯಾಟ್ ಅಂತಿಟ್ಟುಕೊಳ್ಳಿ. ಮೈನಸ್ 70ರ ಜಾಗದಲ್ಲಿ ಫೋನಿಗೆ ಮುಟ್ಟೋದು ಅದರ ನೂರು ಕೋಟಿಯಲ್ಲೊಂದು ಪಾಲು! ಅಷ್ಟರಲ್ಲೂ ಫೋನು ಮಾತನ್ನು ಸರಿಯಾಗಿ ಹೆಕ್ಕಿಕೊಳ್ಳುತ್ತದಲ್ಲ, ನನಗಂತೂ ಈಗಲೂ ಬೆರಗು.

ಇನ್ನೊಂದು ಸೂಕ್ಷ್ಮ. ವೈಫೈ ಎರಡೂ ಕಡೆಯ ಮಾತು. ಡಬ್ಬಿಗೆ ಗೋಡೆಯ ಕರೆಂಟಿದೆ, ದೊಡ್ಡ ದನಿ. ಫೋನಿಗೆ ಬ್ಯಾಟರಿ ಉಳಿಸಬೇಕು, ಸಣ್ಣ ದನಿ. ಹಾಗಾಗಿ ದೂರದ ಕೋಣೆಯಲ್ಲಿ ಡಬ್ಬಿ ಕೂಗಿದ್ದು ಫೋನಿಗೆ ಕೇಳುತ್ತದೆ, ಫೋನ್ ಹೇಳಿದ್ದು ಡಬ್ಬಿಗೆ ಕೇಳೋದಿಲ್ಲ. ಫೋನಿನಲ್ಲಿ ಕಡ್ಡಿ ಎರಡು ಮೂರು ಕಾಣುತ್ತವೆ, ಆದರೂ ಏನೂ ಓಡೋದಿಲ್ಲ. ಕಡ್ಡಿಗಳು ಹೇಳೋದು ಅರ್ಧ ಕಥೆ ಮಾತ್ರ.

ನಮ್ಮ ಡಬ್ಬಿ ಇದ್ದದ್ದು ಎಲ್ಲಿ ಅಂದರೆ, ತಂತಿ ಎಲ್ಲಿ ಒಳಬಂತೋ ಅಲ್ಲೇ. ಜಗಲಿಯ ಮೂಲೆ, ಟಿವಿ ಹಿಂದೆ, ನೆಲದಿಂದ ಒಂದು ಮೊಳ ಎತ್ತರ. ಬಹುತೇಕ ಮನೆಗಳಲ್ಲಿ ಹೀಗೇ. ಅದರ ಬೆಳಕಿನ ಅರ್ಧ ಭಾಗ ಅಂಗಳದ ತೆಂಗಿನಮರಕ್ಕೆ ಹೋಗುತ್ತಿತ್ತು. ದೀಪ ಆಗಿದ್ದರೆ ಎಲ್ಲಿ ತೂಗುಹಾಕುತ್ತಿದ್ದೆವು? ಮನೆಯ ನಡುವೆ, ಎತ್ತರದಲ್ಲಿ, ಕಪಾಟಿನ ಮರೆಯಿಲ್ಲದ ಕಡೆ. ವೈಫೈ ಡಬ್ಬಿಗೂ ಅದೇ ಜಾಗ. ನಡುಮನೆಯ ಬಾಗಿಲ ಮೇಲಿನ ಹಲಗೆಗೆ ಡಬ್ಬಿ ಏರಿತು. ಅಜ್ಜಿಯ ಕೋಣೆಯಲ್ಲಿ ಮೈನಸ್ 84 ಇದ್ದದ್ದು ಮೈನಸ್ 71 ಆಯ್ತು. ಖರ್ಚು ಎರಡು ಮೊಳೆ!

ಆದರೂ ಮೈನಸ್ 71 ಸಾಲದು. ಗೋಡೆಗೆ ಚುಚ್ಚುವ ರಿಪೀಟರ್ ಅಂತ ಸಿಗುತ್ತದಲ್ಲ, ಅದು ಬೇಡ ಅಂತ ನಿರ್ಧರಿಸಿದೆ. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಬೇಕು, ಮತ್ತೆ ಅದೇ ಮಾತನ್ನು ಮುಂದಕ್ಕೆ ಹೇಳಬೇಕು. ಪ್ರತಿ ಮಾತಿಗೂ ಗಾಳಿಯಲ್ಲಿ ಎರಡು ಪಟ್ಟು ಸಮಯ, ವೇಗ ಹೆಚ್ಚುಕಡಿಮೆ ಅರ್ಧ. ಅದಕ್ಕಿಂತ ಗೋಡೆಯನ್ನು ತಂತಿಯಿಂದಲೇ ದಾಟಿಸೋದು ಮೇಲು. ನನ್ನ ಬೆಂಗಳೂರು ರೂಮಿನಲ್ಲಿದ್ದ ಹಳೇ ರೂಟರ್ ತಂದಿದ್ದೆ. ಅಂಕೋಲಾ ಪೇಟೆಯಿಂದ ನೆಟ್‌ವರ್ಕ್ ಕೇಬಲ್ ತಂದು ಅಟ್ಟದ ಮೇಲಿಂದ ಒಳಕೋಣೆಗೆ ಎಳೆದೆ. ಈ ತಂತಿ 100 ಮೀಟರ್ ತನಕ ಆರಾಮ. ನಮಗೆ ಬೇಕಾದ್ದು ಹದಿನೈದು.

ಹಳೇ ರೂಟರನ್ನು ಸುಮ್ಮನೆ ಚುಚ್ಚಿದರೆ ಮಾತ್ರ ಗೊಂದಲ. ಯಾಕೆ ಅಂದರೆ, ಮನೆಯ ಪ್ರತಿ ಫೋನಿಗೂ ಒಂದು ಒಳನಂಬರು ಕೊಡೋದು ರೂಟರಿನ ಕೆಲಸ. 192.168ರಿಂದ ಶುರುವಾಗೋ ನಂಬರುಗಳು ಕಂಡಿರಬಹುದು. ಅವು ಮನೆಯೊಳಗೆ ಮಾತ್ರ ಚಲಾವಣೆ. ಹೊರಜಗತ್ತಿಗೆ ಇಡೀ ಮನೆಗೆ ಒಂದೇ ವಿಳಾಸ. ಮನೆ ವಿಳಾಸಕ್ಕೆ ಬಂದ ಟಪಾಲನ್ನು "ಇದು ಅಪ್ಪಂದು, ಇದು ತಂಗಿದು" ಅಂತ ಹಂಚೋ ಯಜಮಾನ ರೂಟರು. ಒಂದು ಮನೆಗೆ ಇಬ್ಬರು ಯಜಮಾನರಾದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು :-) ಅದಕ್ಕೇ ಹಳೇ ರೂಟರಿನಲ್ಲಿ ನಂಬರು ಹಂಚೋ ಡಿಎಚ್‌ಸಿಪಿ ಅನ್ನೋದನ್ನು ಆಫ್ ಮಾಡಬೇಕು. ಅದಕ್ಕೆ ತನ್ನದೇ ಬೇರೆ ನಂಬರು ಕೊಡಬೇಕು. ಮೊದಲನೆಯದು 192.168.1.1 ಇದ್ದರೆ ಇದು 192.168.1.2. ತಂತಿಯನ್ನು 'ವ್ಯಾನ್' ತೂತಿಗಲ್ಲ, 'ಲ್ಯಾನ್' ತೂತಿಗೆ ಹಾಕಬೇಕು. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಡಬ್ಬಿಗೆ ಒಂದೇ ಇಟ್ಟರೆ ಫೋನು ತಾನಾಗೇ ಹತ್ತಿರದ್ದನ್ನು ಹಿಡಿಯುತ್ತದೆ. ಚಾನೆಲ್ ಮಾತ್ರ ಬೇರೆ ಬೇರೆ.

ಚಾನೆಲ್ ಅಂದರೆ ಏನು ಅಂತ ಹೇಳೋಕೆ ಕಾರವಾರಕ್ಕೆ ಹೋಗಬೇಕು. ಕಾಜುಬಾಗದ ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಅತ್ತೆ ಇದ್ದಾರೆ. ಅವರ ಫ್ಲಾಟು ಚಿಕ್ಕದು, ಡಬ್ಬಿ ನಡುವೆಯೇ ಇದೆ, ಎಲ್ಲ ಕಡೆ ಮೈನಸ್ 50. ಆದರೂ ರಾತ್ರಿ ಎಂಟರಿಂದ ಹತ್ತು ಕುಂಟುತ್ತಿತ್ತು. ಆಪ್ ತೆಗೆದು ನೋಡಿದರೆ ಒಂದೇ ಜಾಗದಲ್ಲಿ ಇಪ್ಪತ್ತಮೂರು ವೈಫೈ ಹೆಸರುಗಳು! ಅವರ್ಸಾದಲ್ಲಿ ಗೋಡೆಯ ತೊಂದರೆ, ಕಾರವಾರದಲ್ಲಿ ಜನಜಂಗುಳಿಯ ತೊಂದರೆ. ಊರು ಬದಲಾದ ಹಾಗೆ ರೋಗವೇ ಬದಲಾಯ್ತು.

ವೈಫೈ ಕಾರವಾರದ ಮೀನುಪೇಟೆಯಲ್ಲ, ಎಲ್ಲರೂ ಒಟ್ಟಿಗೆ ಕೂಗೋಕೆ ಬರೋದಿಲ್ಲ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಪ್ರತಿಯೊಂದು ಸಾಧನವೂ ಮೊದಲು ಕಿವಿಗೊಡುತ್ತದೆ, ಯಾರೂ ಮಾತಾಡುತ್ತಿಲ್ಲ ಅಂದಮೇಲೂ ಒಂದಿಷ್ಟು ಹೊತ್ತು ಕಾದು ಆಮೇಲೆ ಬಾಯಿ ಬಿಡುತ್ತದೆ. ಈ ಸಂಪ್ರದಾಯದ ಹಿರಿಯಜ್ಜ 1971ರಲ್ಲಿ ಹವಾಯಿಯಲ್ಲಿ ಶುರುವಾದ ಅಲೋಹಾನೆಟ್. ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ಒಂದೇ ರೇಡಿಯೋ ದಾರಿಯನ್ನು ಎಲ್ಲರೂ ಹಂಚಿಕೊಳ್ಳೋ ಹಾಗೆ ಮಾಡಿದ್ದರು. ಮಾತು ಡಿಕ್ಕಿಯಾದರೆ ಸ್ವಲ್ಪ ಕಾದು ಮತ್ತೆ ಹೇಳು, ಇಷ್ಟೇ ನಿಯಮ. ವೈಫೈಯ ಮೊದಲ ಮಾನಕ ಬಂದದ್ದು 1997ರಲ್ಲಿ, ಸೆಕೆಂಡಿಗೆ ಎರಡೇ ಮೆಗಾಬಿಟ್. ನಮ್ಮ ದೇಶದಲ್ಲಿ 2.4ರ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟದ್ದು 2005ರಲ್ಲಿ. 5 ಗಿಗಾಹರ್ಟ್ಸ್‌ನ ದೊಡ್ಡ ಪಾಲು 2018ರಲ್ಲಿ.

ಆ 2.4ರ ಪಟ್ಟಿಯಲ್ಲಿ ಹದಿಮೂರು ಚಾನೆಲ್ ಇವೆ ಅಂತ ಕಂಡರೂ ಒಂದರ ಮೇಲೊಂದು ಹಾಸಿಕೊಂಡಿವೆ. ತಾಕದೆ ಪಕ್ಕಪಕ್ಕ ಕೂರೋವು ಮೂರೇ: 1, 6, 11. ಇಪ್ಪತ್ತಮೂರು ಮನೆ, ಮೂರು ಚಾವಡಿ! ಸುಮ್ಮನಿರೋ ಚಾನೆಲ್ ಅಂತ 3ರಲ್ಲೋ 8ರಲ್ಲೋ ಕೂತರೆ ಎರಡೂ ಕಡೆಯವರ ಗಲಾಟೆ ತಪ್ಪದು. ಅತ್ತೆಯ ಮನೆಯಲ್ಲಿ ಟಿವಿ, ಲ್ಯಾಪ್‌ಟಾಪ್, ಹೊಸ ಫೋನು ಎಲ್ಲವನ್ನೂ 5 ಗಿಗಾಹರ್ಟ್ಸ್‌ಗೆ ದಾಟಿಸಿದೆ. ಅಲ್ಲಿ ಚಾನೆಲ್ಲೂ ಹೆಚ್ಚು, ಗೋಡೆ ದಾಟದ ಗುಣದಿಂದ ಪಕ್ಕದ ಮನೆಯದ್ದು ಒಳಗೂ ಬರೋದಿಲ್ಲ. ಅವರ್ಸಾದಲ್ಲಿ ಯಾವುದು ದೋಷವೋ ಕಾರವಾರದಲ್ಲಿ ಅದೇ ಗುಣ. 2.4ರಲ್ಲಿ ಉಳಿದದ್ದು ಹಳೇ ಪ್ರಿಂಟರ್ ಒಂದೇ.

ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಕಾಳಿ ನದಿಯ ಹಳೇ ಸೇತುವೆ ಕುಸಿದುಬಿತ್ತಲ್ಲ, ಬೆಳಿಗ್ಗೆ ಆಗೋದರೊಳಗೆ ಮುಂಬೈಯ ಚಿಕ್ಕಪ್ಪನಿಂದ ಹಿಡಿದು ಎಲ್ಲರ ಫೋನೂ ಶುರು. ಆ ದಿನ ಉಪಯೋಗಕ್ಕೆ ಬಂದದ್ದು ವೈಫೈ ಕಾಲಿಂಗ್. ಫೋನಿನ ಸೆಟ್ಟಿಂಗ್ಸಿನಲ್ಲಿ ಒಂದು ಗುಂಡಿ ಇದೆ. ಅದನ್ನು ಆನ್ ಮಾಡಿದರೆ ಮೊಬೈಲ್ ಟವರಿನ ಸಿಗ್ನಲ್ ಮನೆಯೊಳಗೆ ಬರದಿದ್ದರೂ ಮಾಮೂಲಿ ಕರೆಯೇ ವೈಫೈ ಮೂಲಕ ಬರುತ್ತದೆ. 2019ರ ಕೊನೆಯಿಂದ ನಮ್ಮ ದೇಶದಲ್ಲಿ ಈ ಸೌಕರ್ಯ ಇದೆ. ವಯಸ್ಸಾದವರಿಗೆ ಹೊಸ ಆಪ್ ಕಲಿಸಬೇಕಾಗಿಲ್ಲ, ಫೋನ್ ರಿಂಗಾದರೆ ಎತ್ತಿದರಾಯ್ತು. ಊರಿಗೆ ಹೋದಾಗ ಮೊದಲು ಇದನ್ನು ಆನ್ ಮಾಡಿ ಬನ್ನಿ. ಜೊತೆಗೆ ಡಬ್ಬಿಗೊಂದು ಸಣ್ಣ ಯುಪಿಎಸ್. ಇಂಥ ಡಬ್ಬಿ ತಿನ್ನೋದು ಹತ್ತು ಹದಿನೈದು ವ್ಯಾಟ್ ಅಷ್ಟೇ, ಮಳೆಗಾಲದ ಕರೆಂಟು ಹೋದರೂ ಕೆಲವು ಗಂಟೆ ತಡೆಯುತ್ತದೆ. ಗುಡುಗು ಶುರುವಾದರೆ ಮಾತ್ರ ಪ್ಲಗ್ ಕಿತ್ತಿಡಬೇಕು. ಫೈಬರಿನ ಗಾಜಿನ ಎಳೆ ಸಿಡಿಲಿನ ಕರೆಂಟು ತರೋದಿಲ್ಲ, ಗೋಡೆಯ ಕರೆಂಟಿನ ತಂತಿ ತರುತ್ತದೆ.

ಕೊನೆಯದು ಬೀಗ. "ಅಕ್ಕಪಕ್ಕದ ಮಕ್ಕಳು ಓದಿಗೆ ಬಳಸ್ಲಿ, ಪಾಸ್‌ವರ್ಡ್ ಯಾಕೆ?" ಅಂದರು ಅಪ್ಪ. ಮಕ್ಕಳು ಬರಲಿ, ಜಗಲಿಯಲ್ಲಿ ಕೂತು ಓದಲಿ, ಆದರೆ ಬಾಗಿಲು ಹಾರುಹೊಡೆದು ಇಡೋದು ಬೇಡ ಅಂದೆ. 2008ರ ಜುಲೈ 26ರಂದು ಅಹಮದಾಬಾದ್ ಬಾಂಬ್ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಹೋದ ಬೆದರಿಕೆಯ ಇಮೇಲ್ ನವಿ ಮುಂಬೈಯ ಒಂದು ಮನೆಯ ಬೀಗವಿಲ್ಲದ ವೈಫೈಯಿಂದ ಹೋಗಿತ್ತು. ಪೊಲೀಸರು ಮೊದಲು ಬಂದು ನಿಂತದ್ದು ಆ ಮನೆಯ ಬಾಗಿಲಿಗೆ. ಹೊರಜಗತ್ತಿಗೆ ಇಡೀ ಮನೆಗೆ ಒಂದೇ ವಿಳಾಸ ಅಂದೆನಲ್ಲ, ಅದರ ಅರ್ಥ ಇದೇ. ಅಪ್ಪ ಮರುಮಾತಾಡಲಿಲ್ಲ. ಸೆಟ್ಟಿಂಗ್ಸಿನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಹಳೇ ಡಬ್ಲ್ಯುಇಪಿ ಬೀಗವನ್ನು 2001ರಲ್ಲೇ ಮುರಿದು ತೋರಿಸಿದ್ದಾರೆ. ಪಾಸ್‌ವರ್ಡ್ ಉದ್ದ ಇರಲಿ. ಡಬ್ಬಿಯ ಒಳಗೆ ಹೋಗೋ 'ಅಡ್ಮಿನ್' ಪಾಸ್‌ವರ್ಡ್ ಬೇರೆಯೇ ಇದೆ, ಅದನ್ನೂ ಬದಲಿಸಿ. ಅಪ್ಪ ಆರಿಸಿದ್ದು ನಾಲ್ಕು ಮೀನಿನ ಹೆಸರು, ಒಂದರ ಪಕ್ಕ ಒಂದು. ಯಾವ ಮೀನು, ಯಾವ ಕ್ರಮ ಅಂತ ಇಲ್ಲಿ ಬರೆಯೋದಿಲ್ಲ :-)

ಒಳಕೋಣೆಯ ಡಬ್ಬಿ ಆನ್ ಆದ ದಿನ ಅಜ್ಜಿಯ ತಲೆದಿಂಬಿನ ಹತ್ತಿರ ಮೈನಸ್ 43. ಕುಮಟಾದ ಅತ್ತೆಗೆ ವಿಡಿಯೋ ಕಾಲ್ ಹಚ್ಚಿಕೊಟ್ಟೆ. ಅಜ್ಜಿ ತುಂಬಾ ಹೊತ್ತು ಏನೂ ಮಾತಾಡಲಿಲ್ಲ, ಫೋನನ್ನು ಮುಖಕ್ಕೆ ತೀರಾ ಹತ್ತಿರ ಹಿಡಿದು ನೋಡುತ್ತಾ ಇದ್ದರು. ಆಮೇಲೆ, "ಒಂಚೂರು ಆಚೀಚೆ ತಿರುಗೇ" ಅಂದರು. ಅತ್ತೆ ತಿರುಗಿದರು. ಚಿತ್ರ ಕಲ್ಲಾಗಿ ನಿಂತಿಲ್ಲ, ಮಗಳು ನಿಜವಾಗಿ ಅಲುಗಾಡುತ್ತಿದ್ದಾಳೆ ಅಂತ ಖಾತ್ರಿ ಆಯ್ತು. ಆ ರಾತ್ರಿ ಗಂಜಿ ಪೂರ್ತಿ ಕುಡಿದರು.

ಹೆದ್ದಾರಿ ನಮ್ಮ ಕೈಯಲ್ಲಿಲ್ಲ. ಗುಡ್ಡ ಕುಸಿಯೋದು, ಸೇತುವೆ ಬೀಳೋದು, ಕಂಬದ ಮೇಲಿನ ಫೈಬರ್ ಕಡಿಯೋದು ಯಾವುದೂ ಇಲ್ಲ. ಮನೆಯೊಳಗಿನ ಹನ್ನೆರಡು ಹೆಜ್ಜೆ ಮಾತ್ರ ಪೂರ್ತಿ ನಮ್ಮದು. ಅಷ್ಟನ್ನಾದರೂ ಸರಿಯಿಟ್ಟುಕೊಳ್ಳೋಣ ಅಂತ ನನ್ನ ಮಾತು. ಮುಂದಿನ ಸಲ ಊರಿಗೆ ಹೋದಾಗ ಫೋನ್ ಹಿಡಿದು ಮನೆಯೆಲ್ಲ ಒಂದು ಸುತ್ತು ಹಾಕಿ. ನಿಮ್ಮನೆ ಡಬ್ಬಿ ಎಲ್ಲಿ ಕೂತಿದೆ, ಅತಿ ಕಡಿಮೆ ಸಿಗ್ನಲ್ ಇರೋ ಕೋಣೆ ಯಾರದ್ದು? ನೋಡಿ ಬಂದು ಹೇಳ್ತೀರಲ್ಲ?